ಖಂಡಸ್ಫುಟಿತ ಜೀರ್ಣೋದ್ಧಾರ: ದೇವನೂರಿನ ನೆವದಿಂದ ಒಂದು ವಿಚಾರ

ಕನ್ನಡ ನಾಡಿನ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ಅರಸನಾಗಲಿ, ದಂಡನಾಯಕನಾಗಲಿ, ಊರ ಗಾವುಂಡನಾಗಲಿ ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ನಂದಾದೀವಿಗೆಗೆ, ಆಹಾರದಾನಕ್ಕೆ ಎಂದು ವೆಚ್ಚದ ಬಾಬುಗಳನ್ನು ಎಣಿಸಿ, ಅದೇ ಸಾಲಿನಲ್ಲಿ ಈ ಮಾತನ್ನೂ ಸೇರಿಸುತ್ತಿದ್ದನು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು, ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ತಾತ್ಪರ್ಯ. ಗುಡಿಯ ಕಲ್ಲುಗಳಿಗೆ ಇನ್ನೂ ಉಳಿಯ ಹೊಸ ಹೊಳಪಿರುವಾಗಲೇ, ಮುಂದೊಂದು ದಿನ ಇವು ಬಿರಿಯುವುವೆಂದು ನೆನೆದು ಅದಕ್ಕೆ ಬೇಕಾದ ಗದ್ದೆಯನ್ನು ಗೊತ್ತುಮಾಡಿದ ಆ ಜನರ ದೂರದೃಷ್ಟಿಯನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಶಿಲ್ಪದ ಸೊಬಗನ್ನು ಕುರಿತು ಪುಟಗಟ್ಟಲೆ ಬರೆಯುವವರು ಕೂಡ ಈ ಒಂದು ಸಮಾಸವನ್ನು ಓದಿ ದಾಟಿಹೋಗುತ್ತಾರೆ.

ಇದರಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಆ ದತ್ತಿಯು ಒಂದೇ ಸಲಕ್ಕೆ ಕೊಟ್ಟು ಮುಗಿಸುವ ಹಣವಲ್ಲ; ವರ್ಷವರ್ಷವೂ ಬೆಳೆಯುವ ಭೂಮಿಯ ಹುಟ್ಟುವಳಿ, ಇಲ್ಲವೆ ಗಾಣದ ತೆರೆ, ಸಂತೆಯ ಸುಂಕ. ಬತ್ತದ ಬೆಲೆ ಏರಿದರೆ ದತ್ತಿಯ ಬೆಲೆಯೂ ಏರುತ್ತಿದ್ದಿತು. ಎರಡನೆಯದು, ಕೊಡುವವನು ಪ್ರಭುವೇ ಆದರೂ ಕಾಯುವವರು ಊರವರು. ಅಗ್ರಹಾರವಾದರೆ ಮಹಾಜನಗಳು, ವ್ಯಾಪಾರದ ಊರಾದರೆ ನಖರದವರು, ಉಳಿದೆಡೆಗಳಲ್ಲಿ ಗಾವುಂಡರು, ಗುಡಿಗೆ ಸೇರಿದ ಸ್ಥಾನಿಕರು ಇವರೆಲ್ಲರ ಸಮ್ಮುಖದಲ್ಲಿ ಗದ್ದೆಯ ನಾಲ್ಕು ಮೇರೆಗಳನ್ನು ಹೇಳಿ, ಕಲ್ಲಿನಲ್ಲಿ ಕೆತ್ತಿ, ಎಲ್ಲರ ಕಣ್ಣಿಗೂ ಬೀಳುವಂತೆ ನಿಲ್ಲಿಸುತ್ತಿದ್ದರು. ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂಬ ಅಭಿಪ್ರಾಯದ ಶ್ಲೋಕವೊಂದು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವುದು ಅಲಂಕಾರಕ್ಕಾಗಿ ಅಲ್ಲ. ಅದು ಊರವರಿಗೆ ಒಪ್ಪಿಸಿದ ಕರ್ತವ್ಯದ ಜ್ಞಾಪಕ. ಕೆರೆಗಳ ವಿಷಯದಲ್ಲಿಯೂ ಇದೇ ಕ್ರಮವಿದ್ದಿತು. ಏರಿಯನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗಣ ಭೂಮಿಯಲ್ಲಿ ಒಂದು ಪಾಲನ್ನು ಬಿಡುತ್ತಿದ್ದರು.

ನಮ್ಮ ನೆರೆಯ ತರೀಕೆರೆ ಸೀಮೆಯ ಅಮೃತಾಪುರವನ್ನೇ ತೆಗೆದುಕೊಳ್ಳಬಹುದು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. ೧೧೯೬ರಲ್ಲಿ ಅಲ್ಲಿ ಕಟ್ಟಿಸಿದ ದೇವಾಲಯವು ಇಂದಿಗೂ ನಿಂತಿದೆ. ಜನ್ನಕವಿಯ ಪದ್ಯಗಳುಳ್ಳ ಶಾಸನವೂ ಅಲ್ಲಿದೆ. ಈಗ ಅದು ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಇವುಗಳ ಸುತ್ತಮುತ್ತಣ ನೂರಾರು ಹಳ್ಳಿಗಳಲ್ಲಿ ಯಾವ ಪಟ್ಟಿಗೂ ಸೇರದೆ ನಿಂತಿರುವ ಗುಡಿಗಳು, ಹೊಲದ ಬದುವಿನಲ್ಲಿ ವಾಲಿರುವ ವೀರಗಲ್ಲುಗಳು, ಬಟ್ಟೆ ಒಗೆಯುವ ಬಂಡೆಗಳಾಗಿಬಿಟ್ಟಿರುವ ಶಾಸನಗಳು, ಇವುಗಳ ಗತಿಯೇನು? ಕೇಂದ್ರದ ರಕ್ಷಣೆಯಲ್ಲಿ ಕರ್ನಾಟಕದ ಐನೂರಕ್ಕೆ ಮೇಲ್ಪಟ್ಟು, ರಾಜ್ಯದ ರಕ್ಷಣೆಯಲ್ಲಿ ಎಂಟುನೂರಕ್ಕೆ ಮೇಲ್ಪಟ್ಟು ಸ್ಮಾರಕಗಳಿವೆ. ಉಳಿದವು ಊರಿನವು, ಅಂದರೆ, ಬಹುಮಟ್ಟಿಗೆ ಯಾರವೂ ಅಲ್ಲ.

ಕಡೂರು ತಾಲ್ಲೂಕಿನ ದೇವನೂರು ಈ ವಿಚಾರಕ್ಕೆ ತಕ್ಕ ಊರು. ಜೈಮಿನಿ ಭಾರತವನ್ನು ವಾರ್ಧಕ ಷಟ್ಪದಿಯಲ್ಲಿ ಮೂವತ್ತನಾಲ್ಕು ಸಂಧಿಗಳಾಗಿ ರಚಿಸಿದ ಲಕ್ಷ್ಮೀಶನು ಇಲ್ಲಿಯವನೆಂಬುದು ನಮ್ಮ ಸೀಮೆಯ ದೃಢವಾದ ನಂಬಿಕೆ. ಕವಿಯು ತನ್ನ ಕಾವ್ಯದಲ್ಲಿ ಸ್ಮರಿಸುವ ದೇವಪುರದ ಲಕ್ಷ್ಮೀರಮಣನು ಈ ಊರಿನ ಲಕ್ಷ್ಮೀಕಾಂತಸ್ವಾಮಿಯೇ ಎಂದು ಇಲ್ಲಿಯವರು ಹೇಳುತ್ತಾರೆ. ‘ದೇವ’ ಎಂದರೆ ‘ಸುರ’ ಎಂದು ಅರ್ಥಮಾಡಿ ಯಾದಗಿರಿ ಜಿಲ್ಲೆಯ ಸುರಪುರವೇ ಆ ದೇವಪುರವೆನ್ನುವವರೂ ಇದ್ದಾರೆ. ಕವಿಯ ಕಾಲದ ವಿಷಯದಲ್ಲಿಯೂ ವಿದ್ವಾಂಸರಿಗೆ ಏಕಮತವಿಲ್ಲ. ಹದಿನಾರನೆಯ ಶತಮಾನದಿಂದ ಹದಿನೇಳರ ಕೊನೆಯವರೆಗೂ ಅದನ್ನು ಎಳೆದಿದ್ದಾರೆ. ಆ ವಿವಾದವನ್ನು ತೀರ್ಮಾನಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕಾಗಿದೆ. ಇಂತಹ ವಿವಾದಗಳು ತೀರುವುದು ಊರಿನಲ್ಲಿ ಉಳಿದಿರುವ ಕಲ್ಲು, ಕಡತ, ಓಲೆಗರಿ ಮತ್ತು ಹೇಳಿಕೆಗಳಿಂದ. ಅವು ನಾಶವಾದ ಮೇಲೆ ಅಭಿಮಾನವೊಂದೇ ಉಳಿಯುವುದು. ಅಭಿಮಾನವನ್ನು ಸಾಕ್ಷಿಯೆಂದು ಯಾವ ಚರಿತ್ರಕಾರನೂ ಒಪ್ಪುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಸಾಕ್ಷಿಗಳನ್ನು ಕೂಡಿಸುವ ಕೆಲಸ ಬಹು ಬೇಗನೆ ಮೊದಲಾಯಿತು. ೧೮೮೫ರ ವೇಳೆಗೆ ಪುರಾತತ್ತ್ವದ ಇಲಾಖೆಯೇ ಏರ್ಪಟ್ಟಿತು. ಬಿ. ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ ೧೯೦೧ರಲ್ಲಿ ಪ್ರಕಟಿಸಿದರು. ಅವರ ಅನಂತರ ೧೯೦೬ರಿಂದ ೧೯೨೨ರವರೆಗೆ ಇಲಾಖೆಯನ್ನು ನಡಸಿದ ಆರ್. ನರಸಿಂಹಾಚಾರ್ಯರು ಒಂದು ಕೈಯಲ್ಲಿ ಗುಡಿಗಳ ವರದಿಗಳನ್ನೂ ಇನ್ನೊಂದು ಕೈಯಲ್ಲಿ ‘ಕರ್ಣಾಟಕ ಕವಿಚರಿತೆ’ಯನ್ನೂ ಬರೆದರು. ಕವಿಯ ಚರಿತ್ರೆಯೂ ಗುಡಿಯ ಚರಿತ್ರೆಯೂ ಒಬ್ಬನೇ ವಿದ್ವಾಂಸನ ಮೇಜಿನ ಮೇಲೆ ಕೂಡಿದ ಆ ಕಾಲವು ಧನ್ಯವಾದುದು! ಇಂದು ಕವಿಯು ಒಂದು ಇಲಾಖೆಗೆ, ಕಲ್ಲು ಇನ್ನೊಂದು ಇಲಾಖೆಗೆ, ಪೂಜೆಯು ಮತ್ತೊಂದಕ್ಕೆ ಸೇರಿವೆ.

ಆದರೆ ಇದೇ ಕಾಲದಲ್ಲಿ ಊರಿನ ಪಾತ್ರ ಮೆಲ್ಲಮೆಲ್ಲನೆ ಕುಗ್ಗಿತೆಂಬುದನ್ನೂ ಒಪ್ಪಬೇಕು. ಗುಡಿಯ ಮಾನ್ಯದ ಭೂಮಿಗಳ ಸ್ಥಾನದಲ್ಲಿ ಅನೇಕ ಕಡೆ ನಗದಿನ ತಸ್ತೀಕು ಬಂದಿತು. ೧೯೫೫ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದಿಯಾತಿಯ ಕಾನೂನಿನಿಂದ ಆ ಪರಿವರ್ತನೆ ಪೂರ್ಣವಾಯಿತೆನ್ನಬಹುದು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಅದನ್ನು ಕುರಿತು ನಮಗೆ ಆಕ್ಷೇಪಣೆಯಿಲ್ಲ. ಆದರೆ ಭೂಮಿ ಬೆಳೆಯುವಂತೆ ನಗದು ಬೆಳೆಯುವುದಿಲ್ಲ. ಕಡಮೆ ವರಮಾನದ ಮುಜರಾಯಿ ದೇವಾಲಯಗಳಿಗೆ ವರ್ಷಕ್ಕೆ ೪೮,೦೦೦ ರೂಪಾಯಿಗಳಿದ್ದ ತಸ್ತೀಕನ್ನು ೨೦೨೨ರ ಆಯವ್ಯಯದಲ್ಲಿ ೬೦,೦೦೦ಕ್ಕೆ ಏರಿಸಿದರು. ಅಂದರೆ ಆಗ ತಿಂಗಳಿಗೆ ಐದು ಸಾವಿರ. ಅದರಲ್ಲಿ ಅರ್ಚಕನು ದೀಪಕ್ಕೆ ಎಣ್ಣೆಯನ್ನು ನೋಡಬೇಕಾಗಿದ್ದಿತು, ನೈವೇದ್ಯಕ್ಕೆ ಅಕ್ಕಿಯನ್ನು ನೋಡಬೇಕಾಗಿದ್ದಿತು, ಖಂಡಸ್ಫುಟಿತಕ್ಕೆ ಉಳಿಯುತ್ತಿದ್ದುದೇನು? ಹಳೆಯ ದತ್ತಿಯ ಬಾಬುಗಳಲ್ಲಿ ಕೈಬಿಟ್ಟುಹೋದುದು ಇದೊಂದೇ.

ಕಾನೂನುಗಳಿಗೇನೂ ಕೊರತೆಯಿಲ್ಲ. ಮೈಸೂರಿನಲ್ಲಿ ೧೯೨೫ರಲ್ಲಿಯೇ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ನಿಬಂಧನೆ ಬಂದಿತು. ಮರುವರ್ಷವೇ ಗ್ರಾಮ ಪಂಚಾಯತಿಗಳ ನಿಬಂಧನೆಯೂ ಬಂದಿತು. ಒಂದರ ಬೆನ್ನಿಗೆ ಒಂದು ಹುಟ್ಟಿದ ಈ ಎರಡೂ ಪರಸ್ಪರ ಮಾತನಾಡಲೇ ಇಲ್ಲ. ೧೯೬೧ರ ರಾಜ್ಯದ ಕಾನೂನು ಸ್ಮಾರಕಗಳನ್ನು ಇಲಾಖೆಗೆ ಒಪ್ಪಿಸಿತು. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದಾಗ, ಪಂಚಾಯತಿಗಳಿಗೆ ವಹಿಸಬಹುದಾದ ಇಪ್ಪತ್ತೊಂಬತ್ತು ವಿಷಯಗಳ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಂಥಾಲಯಗಳೂ ಸಾಂಸ್ಕೃತಿಕ ಚಟುವಟಿಕೆಗಳೂ ಸಮುದಾಯದ ಆಸ್ತಿಗಳ ಪಾಲನೆಯೂ ಸೇರಿದುವು. ಸ್ಮಾರಕವೆಂಬ ಶಬ್ದವಿಲ್ಲ. ಆದರೆ ಊರ ಮುಂದಿನ ವೀರಗಲ್ಲು ಸಮುದಾಯದ ಆಸ್ತಿಯಲ್ಲವೆಂದು ಯಾರು ಹೇಳಬಲ್ಲರು? ಮನಸ್ಸಿರುವ ಪಂಚಾಯತಿಗೆ ಇಷ್ಟೇ ಆಧಾರ ಸಾಕು.

ಇನ್ನು ಅನುದಾನದ ಮಾತು. ಹನ್ನೆರಡನೆಯ ಹಣಕಾಸು ಆಯೋಗವು ೨೦೦೫ರಿಂದ ೨೦೧೦ರವರೆಗಿನ ಐದು ವರ್ಷಗಳಿಗೆ ಪರಂಪರೆಯ ಸಂರಕ್ಷಣೆಗೆಂದೇ ರಾಜ್ಯಗಳಿಗೆಲ್ಲ ಸೇರಿ ೬೨೫ ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಅದೇ ಆಯೋಗವು ಅದೇ ಅವಧಿಗೆ ರಸ್ತೆ ಸೇತುವೆಗಳ ಪಾಲನೆಗೆ ಹೇಳಿದ ಹಣ ೧೫,೦೦೦ ಕೋಟಿ. ರಸ್ತೆಗೆ ಪ್ರತಿವರ್ಷ ಪಾಲನೆ ಬೇಕೆಂಬುದು ಎಲ್ಲರಿಗೂ ಗೊತ್ತು. ಗುಡಿಗೂ ಬೇಕೆಂಬುದನ್ನು ಮರೆತಿದ್ದೇವೆ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಹೆಚ್ಚು ಅನುಕರಣೀಯವಾದುದು ೧೯೯೧ರಲ್ಲಿ ಸ್ಥಾಪಿತವಾದ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನ ಕ್ರಮ. ಜೀರ್ಣೋದ್ಧಾರದ ವೆಚ್ಚದಲ್ಲಿ ನೂರಕ್ಕೆ ನಲವತ್ತನ್ನು ಸರ್ಕಾರವೂ, ನಲವತ್ತನ್ನು ಟ್ರಸ್ಟೂ, ಇಪ್ಪತ್ತನ್ನು ಊರವರೂ ಕೊಡುವ ಏರ್ಪಾಡಿನಿಂದ ಅನೇಕ ಪುರಾತನ ದೇವಾಲಯಗಳು ಮತ್ತೆ ತಲೆಯೆತ್ತಿವೆ. ಆ ಇಪ್ಪತ್ತೇ ಇದರ ಮರ್ಮ. ತಾವು ಹಣ ಹಾಕಿದ ಗುಡಿಯ ಚಾವಣಿಯನ್ನು ಊರವರು ಮಳೆಗಾಲದಲ್ಲಿ ಹತ್ತಿ ನೋಡುತ್ತಾರೆ. ಬೇರೆಯವರು ಕಟ್ಟಿಕೊಟ್ಟುದನ್ನು ನೋಡುವುದಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ನಡೆದ ಗ್ರಾಮಾಭಿವೃದ್ಧಿಯ ಯೋಜನೆಯಲ್ಲಿ ಊರವರ ದುಡಿಮೆಯನ್ನೂ ವಂತಿಗೆಯನ್ನೂ ಅಪೇಕ್ಷಿಸಿದುದು ಇದೇ ತಿಳಿವಿನಿಂದ. ಇಂಗ್ಲೆಂಡಿನಲ್ಲಿಯೂ ೧೯೫೩ರ ಕಾನೂನಿನಿಂದ ಸರ್ಕಾರವು ಚಾರಿತ್ರಿಕ ಕಟ್ಟಡಗಳ ದುರಸ್ತಿಗೆ ನೆರವು ನೀಡಲಾರಂಭಿಸಿ, ೧೯೬೨ರ ಕಾನೂನಿನಿಂದ ಸ್ಥಳೀಯ ಸಂಸ್ಥೆಗಳಿಗೇ ಆ ಅಧಿಕಾರವನ್ನು ವಿಸ್ತರಿಸಿದರು.

ಅನುದಾನವೆಂದೊಡನೆ ಒಳಿತೇ ಆಗುವುದೆಂದು ತಿಳಿಯಲಾಗದು. ಮಾರ್ಚಿ ತಿಂಗಳೊಳಗೆ ವೆಚ್ಚವಾಗಬೇಕಾದ ಹಣವು ಕೈಗೆ ಬಂದಾಗ ಹಳೆಯ ಗುಡಿಗಳಿಗೆ ಒದಗುವ ವಿಪತ್ತು ಕಣ್ಣಿಗೆ ಕಾಣುವಂತಹದು. ಶತಮಾನಗಳ ಗಾರೆಯನ್ನು ಕೆತ್ತಿ ಸಿಮೆಂಟು ಬಳಿಯುತ್ತಾರೆ. ಗಾರೆಯು ಕಲ್ಲಿನೊಡನೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ, ಉಪ್ಪು ಕಲ್ಲಿನ ಮೈಮೇಲೆ ಪುಟಿದು ಪದರುಪದರಾಗಿ ಕಳಚುವಂತೆ ಮಾಡುತ್ತದೆ. ಬಳಪದ ಕಲ್ಲಿನ ಕಂಬಕ್ಕೆ ಬಣ್ಣ ಬಳಿಯುವುದು, ನೆಲಕ್ಕೆ ಹೊಳೆಯುವ ಬಿಲ್ಲೆಗಳನ್ನು ಹಾಸುವುದು, ಮರಳನ್ನು ರಭಸದಿಂದ ಊದಿ ಶಿಲ್ಪದ ಮೊಗವನ್ನೇ ಸವೆಸುವುದು, ಇವೆಲ್ಲ ಜೀರ್ಣೋದ್ಧಾರವೆಂಬ ಹೆಸರಿನಲ್ಲಿಯೇ ನಡೆಯುತ್ತವೆ. ನಿಜಕ್ಕೂ ಗುಡಿಯನ್ನು ಬೀಳಿಸುವ ಶತ್ರುಗಳು ಬಹಳ ಸಣ್ಣವು. ಚಾವಣಿಯ ಗಚ್ಚಿನಲ್ಲಿ ಒಂದು ಬಿರುಕು, ಬಿರುಕಿನಲ್ಲಿ ಹಕ್ಕಿ ಬಿಟ್ಟುಹೋದ ಒಂದು ಅರಳಿಯ ಬೀಜ. ಮೊದಲನೆಯ ಮಳೆಗಾಲ ಮುಗಿದ ಕೂಡಲೆ ಎರಡು ಬೆರಳಲ್ಲಿ ಕಿತ್ತು ಬಿಸಾಡಬಹುದಾದ ಸಸಿಯನ್ನು ಹತ್ತು ವರ್ಷ ಬಿಟ್ಟರೆ, ಅದರ ಬೇರು ತೊಲೆಗಳನ್ನೇ ಪಕ್ಕಕ್ಕೆ ಸರಿಸುತ್ತದೆ. ಆಗ ಲಕ್ಷಾಂತರ ರೂಪಾಯಿಗಳ ಅಂದಾಜು ತಯಾರಾಗುತ್ತದೆ, ಕಡತವು ಚಿಕ್ಕಮಗಳೂರಿನಿಂದ ಬೆಂಗಳೂರಿಗೂ ಬೆಂಗಳೂರಿನಿಂದ ಚಿಕ್ಕಮಗಳೂರಿಗೂ ಓಡಾಡುತ್ತದೆ. ದೊಡ್ಡ ಅನುದಾನಕ್ಕೆ ನಾಮಫಲಕವುಂಟು, ಉದ್ಘಾಟನೆಯುಂಟು. ಸಸಿ ಕೀಳುವವನಿಗೆ ಯಾವುದೂ ಇಲ್ಲ.

ದೇವನೂರಿನ ಸಂಪತ್ತು ಕಲ್ಲಿನಲ್ಲಿ ಮಾತ್ರ ಇಲ್ಲವೆಂಬುದನ್ನೂ ಮರೆಯಲಾಗದು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯಿದ್ದಿತು. ೧೯೯೨ರಲ್ಲಿ ಪ್ರತಿಷ್ಠಾನವಾಯಿತು, ಮನೆಯು ಸಂಗ್ರಹಾಲಯವಾಯಿತು, ನಾಡಿನ ಜನ ಹೋಗಿ ನೋಡುತ್ತಾರೆ. ಲಕ್ಷ್ಮೀಶನದೆಂದು ತೋರಿಸುವುದಕ್ಕೆ ಅಂತಹ ಮನೆಯಿಲ್ಲ. ಅವನ ನಿಜವಾದ ಮನೆಯೆಂದರೆ ಜೈಮಿನಿಯ ವಾಚನ. ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಓದುಬರಹವಿಲ್ಲದವರಿಗೂ ಸೀತಾಪರಿತ್ಯಾಗದ ಸಂಧಿಯೂ ಚಂದ್ರಹಾಸನ ಕಥೆಯೂ ಬಾಯಿಗೆ ಬರುತ್ತಿದ್ದುವು. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯ ಗಮಕಿಗಳಾದ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ದೊರೆತಾಗ ಇಡೀ ಮಲೆನಾಡು ಹೆಮ್ಮೆಪಟ್ಟಿತು; ಅದೇ ವರ್ಷದ ಕೊನೆಯಲ್ಲಿ ಅವರು ತೀರಿಹೋದರು. ಗಮಕದ ಕಂಠಕ್ಕೆ ಬಿರುಕು ಬಿಟ್ಟರೆ ಗಾರೆ ಕಲಸಿ ತುಂಬುವಂತಿಲ್ಲ. ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಿರಬೇಕು, ಕೇಳುವುದಕ್ಕೆ ನಾಲ್ಕು ಜನ ಕುಳಿತಿರಬೇಕು.

ಆದುದರಿಂದ ಸರ್ಕಾರದಿಂದ ಕೇಳಬೇಕಾದುದು ಒಂದು ಸಲದ ದೊಡ್ಡ ಮೊತ್ತವನ್ನಲ್ಲ, ಪ್ರತಿವರ್ಷವೂ ತಪ್ಪದೆ ಬರುವ ಚಿಕ್ಕ ಮೊತ್ತವನ್ನು. ಅದೂ ಪಂಚಾಯತಿಯು ತನ್ನ ವರಮಾನದಿಂದ ಒಂದು ಪಾಲನ್ನು ಸೇರಿಸಿದರೆ ಮಾತ್ರ ಬರುವಂತಹದನ್ನು. ಅದನ್ನು ಸುಣ್ಣಕ್ಕೆ, ಚಾವಣಿಗೆ, ವಾಲಿದ ಕಲ್ಲನ್ನು ಎತ್ತಿ ನಿಲ್ಲಿಸುವ ಕೂಲಿಗೆ, ಗಮಕದ ಪಾಠ ಹೇಳುವವರ ಸಂಭಾವನೆಗೆ ವಿನಿಯೋಗಿಸುವ ಸ್ವಾತಂತ್ರ್ಯ ಊರಿಗೆ ಇರಬೇಕು. ಆದರೆ ಕಲ್ಲನ್ನು ಮುಟ್ಟುವ ಮುನ್ನ ಇಲಾಖೆಯ ತಿಳಿದವರೊಬ್ಬರ ಒಪ್ಪಿಗೆಯೂ ಇರಬೇಕು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆನಿಸಿಕೊಂಡಿವೆ. ದೇವನೂರಿನಲ್ಲಿ ಇಂತಹದೊಂದು ಕಪಾಟಿನಲ್ಲಿ ಜೈಮಿನಿ ಭಾರತದ ಪ್ರತಿಗಳನ್ನೂ, ರೈಸರ ಆರನೆಯ ಸಂಪುಟದಲ್ಲಿ ಕಡೂರು ತಾಲ್ಲೂಕಿಗೆ ಸಂಬಂಧಿಸಿದ ಪುಟಗಳ ನಕಲುಗಳನ್ನೂ ಇಡುವುದಕ್ಕೆ ಯಾವ ಆಯೋಗದ ಶಿಫಾರಸೂ ಬೇಕಾಗಿಲ್ಲ. ಆ ಪುಟಗಳನ್ನು ಕೈಯಲ್ಲಿ ಹಿಡಿದು ಶಾಲೆಯ ಮಕ್ಕಳು ಉಪಾಧ್ಯಾಯರೊಡನೆ ಊರನ್ನು ಸುತ್ತಿ, ಅಚ್ಚಾದ ಶಾಸನಗಳಲ್ಲಿ ಎಷ್ಟು ಕಲ್ಲುಗಳು ಇಂದೂ ಇದ್ದಲ್ಲಿವೆ, ಯಾವುವು ಮಗುಚಿವೆ, ಯಾವುವು ಕಾಣೆಯಾಗಿವೆಯೆಂದು ಬರೆದು ತಂದರೆ ಪಂಚಾಯತಿಯ ಮೊದಲನೆಯ ದಾಖಲೆ ಸಿದ್ಧವಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿ, ನಡವಳಿಯ ಪುಸ್ತಕದಲ್ಲಿ ಏರಿಸಿ, ಆ ವರ್ಷದ ಸುಣ್ಣಕ್ಕೆಂದು ಒಂದಿಷ್ಟು ಹಣವನ್ನು ಗೊತ್ತುಮಾಡಬಹುದು.