ಹಲಗೆ ಮತ್ತು ಹೊಟ್ಟು

ಮರಗೊಯ್ಯುವ ಯಂತ್ರಗಳ ಚರಿತ್ರೆಯು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ದಿನಕ್ಕೆಷ್ಟು ದಿಮ್ಮಿ ಸೀಳಲಾಯಿತೆಂದು ಕೇಳುತ್ತಾರೆಯೇ ಹೊರತು, ಒಂದು ದಿಮ್ಮಿಯಲ್ಲಿ ಹಲಗೆಯಾದುದೆಷ್ಟು, ಹೊಟ್ಟಾಗಿ ಉದುರಿದುದೆಷ್ಟು ಎಂದು ಕೇಳುವವರು ವಿರಳ. ಇವೆರಡು ಲೆಕ್ಕಗಳು ಅನೇಕ ವೇಳೆ ಒಂದಕ್ಕೊಂದು ವಿರೋಧವಾಗಿಯೇ ನಡೆದಿವೆ.

ಹಾಲೆಂಡಿನ ಕಾರ್ನೆಲಿಸ್ ಕಾರ್ನೆಲಿಸ್‌ಜೋನನು ಗಾಳಿಯಿಂದ ನಡೆಯುವ ಗರಗಸಕ್ಕೆ 1593ರಲ್ಲಿ ಹಕ್ಕುಪತ್ರ ಪಡೆದನು. ಗುಂಡಿಯ ಮೇಲೊಬ್ಬ, ಒಳಗೊಬ್ಬ ನಿಂತು ಕೈಗರಗಸ ಎಳೆಯುತ್ತಿದ್ದವರ ಕೂಲಿಗೆ ಇದು ಸಂಚಕಾರವಾಯಿತು. ಲಂಡನ್ನಿನ ಲೈಮ್‌ಹೌಸಿನಲ್ಲಿ ಚಾರ್ಲ್ಸ್ ಡಿಂಗ್ಲಿ ಎಂಬ ವರ್ತಕನು ಕಟ್ಟಿಸಿದ್ದ ಇಂಥದೊಂದು ಗಿರಣಿಯನ್ನು 1768ರ ಮೇ ತಿಂಗಳಲ್ಲಿ ಗರಗಸದ ಕೂಲಿಗಳು ಗುಂಪುಗೂಡಿ ಕೆಡವಿದರು. ಅವರನ್ನು ಮೂಢರೆನ್ನಲು ನನಗೆ ಮನಸ್ಸೊಪ್ಪದು. ಹೊಟ್ಟೆಯ ಲೆಕ್ಕವೂ ಲೆಕ್ಕವೇ.

ಅನಂತರ ಬಂದ ದುಂಡು ಗರಗಸಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯಲ್ ಮಿಲ್ಲರನು 1777ರಲ್ಲಿ ಹಕ್ಕುಪತ್ರ ಪಡೆದಿದ್ದನು. ಅದರ ವೇಗ ಅಪಾರ. ಆದರೆ ತಿರುಗುವಾಗ ಓಲಾಡದಿರಲು ತಗಡು ದಪ್ಪವಾಗಿರಬೇಕು, ದಪ್ಪ ತಗಡು ಅಗಲವಾದ ಸೀಳನ್ನು ಕೊರೆಯುತ್ತದೆ. ಬ್ಯಾಂಕಿನಲ್ಲಿ ಅಂಕಿಗಳೊಡನೆಯೇ ದಿನ ಕಳೆಯುವ ನನಗೆ ಇಲ್ಲಿ ಸ್ವಲ್ಪ ಗಣಿತ ಮಾಡುವ ಆಸೆ. 25 ಮಿಲಿಮೀಟರ್ ದಪ್ಪದ ಪ್ರತಿ ಹಲಗೆಗೂ 6 ಮಿಲಿಮೀಟರ್ ಸೀಳು ಹೋದರೆ, ನೂರರಲ್ಲಿ ಸುಮಾರು 19 ಪಾಲು ಹೊಟ್ಟು. ಸೀಳು 3 ಮಿಲಿಮೀಟರಿಗೆ ಇಳಿದರೆ 11ಕ್ಕೂ ಕಡಮೆ. ಅದೇ ಮರ, ಅದೇ ಕೂಲಿ! ಕಾಡು ಅಗ್ಗವಾಗಿದ್ದ ಅಮೆರಿಕದಲ್ಲಿ ಈ ನಷ್ಟವನ್ನು ಬಹುಕಾಲ ಯಾರೂ ಲೆಕ್ಕಿಸಲಿಲ್ಲ.

ತೆಳುವಾದ ಪಟ್ಟಿ ಗರಗಸವು ಹೊಸದೇನೂ ಆಗಿರಲಿಲ್ಲ. ವಿಲಿಯಂ ನ್ಯೂಬೆರಿಯು 1808ರಲ್ಲಿಯೇ ಅದನ್ನು ಕಲ್ಪಿಸಿದ್ದನು. ಆದರೆ ಪಟ್ಟಿಯ ತುದಿಗಳನ್ನು ಜೋಡಿಸಿದ ಬೆಸುಗೆ ನಿಲ್ಲುತ್ತಿರಲಿಲ್ಲ. ಫ್ರಾನ್ಸಿನ ಕ್ರೆಪಿನ್ ಎಂಬ ಮಹಿಳೆ 1846ರಲ್ಲಿ ಬೆಸುಗೆಯ ಒಳ್ಳೆಯ ಕ್ರಮವೊಂದಕ್ಕೆ ಹಕ್ಕು ಪಡೆದಳು. ಪ್ಯಾರಿಸಿನ ಪೆರಿನ್ ಎಂಬ ತಯಾರಕನು ಅದನ್ನು ಮುಂದುವರಿಸಿದನು. ಇಷ್ಟಾದರೂ ದೊಡ್ಡ ದಿಮ್ಮಿಗಳಿಗೆ ಪಟ್ಟಿ ಗರಗಸವು ವ್ಯಾಪಕವಾದುದು ಆ ಶತಮಾನದ ಕೊನೆಯ ದಶಕಗಳಲ್ಲಿ.

ಸೀಳು ತೆಳುವಾದ ಮೇಲೆ ಉಳಿದ ಪ್ರಶ್ನೆ, ಮೊದಲ ಕೊಯ್ತವನ್ನು ಎಲ್ಲಿ ಹಾಕಬೇಕೆಂಬುದು. ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಹ್ಯಾಲಕ್ ಮತ್ತು ಲೂಯಿಸ್ ಎಂಬವರು 1971ರಲ್ಲಿ ಇದನ್ನು ಗಣಕಯಂತ್ರದಿಂದ ಲೆಕ್ಕ ಹಾಕಿ ತೋರಿಸಿದರು. ಸಣ್ಣ ದಿಮ್ಮಿಯಲ್ಲಿ ಆ ಮೊದಲ ಕೊಯ್ತವು ಕೂದಲೆಳೆಯಷ್ಟು ಸರಿದರೂ ಕೊನೆಗೆ ಒಂದು ಹಲಗೆಯೇ ಕಡಮೆಯಾಗಬಹುದು. ಗುಂಡಿಯ ಮೇಲೆ ನಿಂತವನು ದಿಮ್ಮಿಯನ್ನು ಹೊರಳಿಸಿ ನೋಡಿ, ಬಣ್ಣದ ದಾರ ಹಿಡಿದು ಗೆರೆ ಹೊಡೆಯುವಾಗ ಬಿಡಿಸುತ್ತಿದ್ದುದೂ ಇದೇ ಲೆಕ್ಕವನ್ನು.