ಒಡ್ಡಿನ ಹಿನ್ನೀರಿನಲ್ಲಿ ಪುಣೆಯ ದೋಣಿಗಳು

ಕಡಲಿಲ್ಲದ ಪುಣೆಯಲ್ಲಿ ಜಲಕ್ರೀಡೆಯ ಪರಂಪರೆ ಬೇರೂರಿದ್ದು ಕುಡಿಯುವ ನೀರಿಗೆಂದು ಕಟ್ಟಿದ ಒಂದು ಒಡ್ಡಿನಿಂದ. ಮುಳಾ ಮತ್ತು ಮುಠಾ ಹೊಳೆಗಳು ಕೂಡುವ ಸಂಗಮದ ಕೆಳಗೆ, ಮುಂಬಯಿಯ ಪಾರ್ಸಿ ವರ್ತಕ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರ ದೊಡ್ಡ ದೇಣಿಗೆಯಿಂದ 1850ರ ಸುಮಾರಿಗೆ ಎದ್ದ ಈ ಅಡ್ಡಗಟ್ಟೆಯ ಉದ್ದೇಶ ಊರಿಗೂ ದಂಡಿಗೂ ನೀರೊದಗಿಸುವುದಾಗಿತ್ತು. ಆದರೆ ಮಳೆಗಾಲ ಕಳೆದೊಡನೆ ಬಂಡೆಗಳ ನಡುವೆ ಸೊರಗುತ್ತಿದ್ದ ಹೊಳೆ ಅದರ ಹಿಂದೆ ಹುಟ್ಟು ಹಾಕಲು ಸಾಲುವಷ್ಟು ಆಳವಾಗಿ ನಿಂತಿತು. ಧಾರವಾಡ, ಬೆಳಗಾವಿಗಳನ್ನೂ ಆಳುತ್ತಿದ್ದ ಮುಂಬಯಿ ಪ್ರಾಂತ್ಯದ ಗವರ್ನರರು ಮಳೆಗಾಲವನ್ನು ಪುಣೆಯಲ್ಲಿಯೇ ಕಳೆಯುತ್ತಿದ್ದುದರಿಂದ ಬಿಡುವುಳ್ಳ ಅಧಿಕಾರಿವರ್ಗಕ್ಕೆ ಅಲ್ಲಿ ಕೊರತೆಯಿರಲಿಲ್ಲ. 1868ರಲ್ಲಿ ಹುಟ್ಟಿದ, ಮುಂದೆ ಕನಾಟ್ ಡ್ಯೂಕನ ಹೆಸರು ಹೊತ್ತ ಬೋಟ್ ಕ್ಲಬ್ ಆ ವರ್ಗದ ಸೃಷ್ಟಿ.

ಈ ಮೋಜನ್ನು ಊರಿನದಾಗಿಸಿದ್ದು ಮಾತ್ರ ಸಂಗಮದ ಬಳಿಯ ಎಂಜಿನಿಯರಿಂಗ್ ಕಾಲೇಜು. 1854ರಲ್ಲಿ ಆರಂಭವಾದ, ಕಾಲೇಜ್ ಆಫ್ ಸೈನ್ಸ್ ಎಂಬ ಹೆಸರಿದ್ದಾಗ ಎಂ. ವಿಶ್ವೇಶ್ವರಯ್ಯನವರು ಓದಿದ ಈ ಸಂಸ್ಥೆಯ ವಿದ್ಯಾರ್ಥಿಗಳು 1928ರಿಂದ ರೆಗಟ್ಟಾ, ಅಂದರೆ ದೋಣಿಗಳ ಉತ್ಸವವನ್ನು ನಡೆಸಿಕೊಂಡು ಬಂದಿದ್ದಾರೆ. ಇದನ್ನು ಬರಿಯ ಓಟದ ಪಂದ್ಯವೆನ್ನುವುದು ತಪ್ಪಾದೀತು: ಪಂಟ್ ಎಂಬ ಚಪ್ಪಟೆ ತಳದ ದೋಣಿಗಳ ಮೇಲೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಆಕೃತಿಗಳನ್ನು ಕಟ್ಟುತ್ತಾರೆ, ಕಿರಿದಾದ ಕಯಾಕ್‌ಗಳು ಬಾಣದಾಕಾರದಲ್ಲಿ ಸಾಗುತ್ತವೆ, ಕತ್ತಲಾದ ಮೇಲೆ ಉರಿಯುವ ಪಂಜುಗಳನ್ನು ತಿರುಗಿಸುವ ಮಶಾಲ್ ನೃತ್ಯ ನಡೆಯುತ್ತದೆ. ಅಲೆಯ ಮೇಲೇರುವ ಕಡಲಾಟಕ್ಕೆ ಬೇಕಾದುದು ನೀರಿನ ಚಲನೆಯಾದರೆ, ತೂಗಾಡುವ ದೋಣಿಯಲ್ಲಿ ಹೆಗಲೇರಿ ನಿಲ್ಲುವವನಿಗೆ ನೀರು ಅಲುಗದಿರುವುದೇ ಮುಖ್ಯ. ಉತ್ಸವ ಸಾಮಾನ್ಯವಾಗಿ ಮಾರ್ಚ್‌ಗೆ ಬೀಳುವುದರಲ್ಲಿ ಈ ಲೆಕ್ಕವೂ ಇದ್ದಿರಬೇಕು. ಮಳೆಗಾಲದಲ್ಲಿ ಮುಠಾದ ಮೇಲ್ಭಾಗದ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಗೆ ಇಳಿಯುವಂತಿಲ್ಲ. ನೆರೆ ಬಂದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅದೇ ಅಣೆಕಟ್ಟಿಗೆ ಅಳವಡಿಸಿದವರು ವಿಶ್ವೇಶ್ವರಯ್ಯನವರೇ.

ಊರಿನ ದೋಣಿಯಾಟ ಕಾಲೇಜಿನ ಆಚೆಗೂ ಬೆಳೆದಿದೆ: ಪುಣೆಯ ಸೇನಾ ರೋಯಿಂಗ್ ಕೇಂದ್ರದಲ್ಲಿ ಪಳಗಿದ ದತ್ತು ಭೋಕನಳ್ 2016ರ ರಿಯೊ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ, ಅಂದರೆ ಒಬ್ಬನೇ ಎರಡು ಹುಟ್ಟುಗಳನ್ನು ಹಿಡಿಯುವ ಸ್ಪರ್ಧೆಯಲ್ಲಿ, 13ನೆಯವರಾದರು. ಹೀಗೆ ಕ್ರೀಡೆ ಬೆಳೆದಿದ್ದರೂ ಅದಕ್ಕೆ ಜನ್ಮವಿತ್ತ ನೀರು ಹದಗೆಟ್ಟಿದೆ. ಹರಿಯದೆ ನಿಲ್ಲುವ ಗುಣವೇ ನಗರದ ಚರಂಡಿಯ ಹೊಲಸನ್ನೂ ಅದನ್ನುಂಡು ಹಬ್ಬುವ ಅಂತರಗಂಗೆಯನ್ನೂ ಹಿಡಿದಿಡುವುದರಿಂದ, ಹುಟ್ಟು ಹಾಕುವ ಮೊದಲು ಕಳೆ ತೆಗೆಯಬೇಕಾಗುತ್ತದೆ.