ಅಟ್ಟದ ಮೇಲಿನ ಹಳೆಯ ಗಂಜೀಫಾ ಎಲೆಗೆ ಕೋಟಿ ಬೆಲೆ ಬರುತ್ತದೆಯೇ?

ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡೊಂದು ಸುಮಾರು 100 ಕೋಟಿ ರೂಪಾಯಿಗೆ ಹರಾಜಾಯಿತು. ಇಂಥ ಸುದ್ದಿ ಓದಿದಾಗ ಮೈಸೂರಿನ ಹಳೆಯ ಮನೆಗಳವರಿಗೆ ಅಟ್ಟದ ಮೇಲಿನ ಪೆಟ್ಟಿಗೆ ನೆನಪಾಗುವುದು ಸಹಜ. ಅದರಲ್ಲಿ ಮುತ್ತಜ್ಜನ ಕಾಲದ ಗಂಜೀಫಾ ಎಲೆಗಳಿದ್ದರೆ ಅವಕ್ಕೂ ಹಾಗೆಯೇ ಬೆಲೆ ಬಂದೀತೇ? 'ಹಳೆಯದಾದಷ್ಟೂ ಬೆಲೆ ಹೆಚ್ಚು' ಎಂಬ ನಂಬಿಕೆ ಎಷ್ಟು ನಿಜ ಎಂದು ನೋಡೋಣ.

ಬೆಲೆ ಬರುವುದು ವಯಸ್ಸಿನಿಂದಲ್ಲ

ಆ ಕಾರ್ಡು ಅಷ್ಟೇನೂ ಹಳೆಯದಲ್ಲ. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ ಅದರಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಚಿತ್ರವಿದೆ. 1991ರಲ್ಲಿ 50,000 ಡಾಲರಿಗೆ ಮಾರಾಟವಾಗಿದ್ದ ಅದು 2022ರಲ್ಲಿ 1.26 ಕೋಟಿ ಡಾಲರ್ ತಂದಿತು. ಅದೇ ಸರಣಿಯ ಬೇರೆ ಎಷ್ಟೋ ಕಾರ್ಡುಗಳಿಗೆ ಇದರ ಸಣ್ಣ ಪಾಲೂ ಸಿಗುವುದಿಲ್ಲ.

ಕಾರಣ ಮೂರು. ಆಟಗಾರ ಹೆಸರಾಂತ, ಕಾರ್ಡಿನ ಸ್ಥಿತಿಗೆ ಹತ್ತಕ್ಕೆ 9.5 ಅಂಕ ಸಿಕ್ಕಿತ್ತು. ಅದು ತನಗೇ ಬೇಕೆಂದು ಪೈಪೋಟಿಗಿಳಿದ ಸಿರಿವಂತರು ಒಬ್ಬರಿಗಿಂತ ಹೆಚ್ಚಿದ್ದರು. ಹರಾಜಿನಲ್ಲಿ ಬೆಲೆ ಏರಲು ಕನಿಷ್ಠ ಇಬ್ಬರಾದರೂ ಬೇಕು. ಎರಡನೆಯವರು ಇಲ್ಲದಿದ್ದರೆ ಎಷ್ಟು ಅಪರೂಪದ ವಸ್ತುವೂ ಅಗ್ಗಕ್ಕೇ ಹೋಗುತ್ತದೆ.

ಇನ್ನೊಂದು ಅಂಶವಿದೆ. ಇವು ಅಚ್ಚಿನ ಕಾರ್ಡುಗಳು. ಒಂದೇ ಚಿತ್ರದ ಪ್ರತಿಗಳು ಎಷ್ಟು ಉಳಿದಿವೆ, ಹಿಂದೆ ಎಷ್ಟಕ್ಕೆ ಮಾರಾಟವಾದವು ಎಂಬ ಲೆಕ್ಕ ಸಿಗುತ್ತದೆ. ಹಾಗಾಗಿ ಹೋಲಿಸಿ ಬೆಲೆ ಕಟ್ಟಬಹುದು.

ಗಂಜೀಫಾ ಏಕೆ ಬೇರೆ?

ಗಂಜೀಫಾ ಎಲೆಗಳು ಕೈಯಲ್ಲೇ ಬರೆದ ಚಿತ್ರಗಳು. ದಶಾವತಾರ ಗಂಜೀಫಾದ ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ 120 ಎಲೆಗಳಿರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೂ ದೊಡ್ಡ ಆಟಗಳನ್ನು ರೂಪಿಸಿದರು. 'ಛದ' ಎಂದು ಕರೆಯುವ ಈ ಆಟಗಳ ವಿವರ 'ಶ್ರೀತತ್ತ್ವನಿಧಿ'ಯ ಕೌತುಕ ನಿಧಿಯಲ್ಲಿದೆ. ಕೆಲವು ಕಟ್ಟುಗಳಲ್ಲಿ 360ರವರೆಗೆ ಎಲೆಗಳಿದ್ದವು.

ಇವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹೋಲಿಸಲು ಪ್ರತಿಯಿಲ್ಲದ ಕಾರಣ ಸಿದ್ಧ ದರಪಟ್ಟಿಯೂ ಇಲ್ಲ. ಯಾರು ಬರೆದದ್ದು, ಯಾವ ಮನೆಯಿಂದ ಬಂದದ್ದು, ಕಟ್ಟು ಪೂರ್ತಿ ಇದೆಯೇ ಎಂಬುದೇ ಇಲ್ಲಿ ಮುಖ್ಯ. ಜೊತೆಗೆ, ಗಂಜೀಫಾ ಬರೆಯುವ ಕಲೆ ಇಂದಿಗೂ ಮೈಸೂರಿನಲ್ಲಿದೆ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದ್ದರಿಂದ ಹಳೆಯ ಶೈಲಿಯಲ್ಲಿ ಕಂಡದ್ದೆಲ್ಲ ಹಳೆಯದೇ ಆಗಿರಬೇಕಿಲ್ಲ.

ತೊಳೆದು ಹೊಳಪು ಕೊಟ್ಟರೆ ಬೆಲೆ ಹೆಚ್ಚುತ್ತದೆಯೇ?

ಇಲ್ಲ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವಿರುವ, 1909ರ ಸುಮಾರಿನ ಸಿಗರೇಟು ಕಾರ್ಡೊಂದು ಇದಕ್ಕೆ ಪಾಠ. ಅಪ್ಪಟ ಸ್ಥಿತಿಯಲ್ಲಿದೆ ಎಂದು ಹೆಸರಾಗಿ 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದಾಗಿ ಹಿಂದಿನ ವ್ಯಾಪಾರಿಯೊಬ್ಬ 2013ರಲ್ಲಿ ಒಪ್ಪಿಕೊಂಡ. ಸಂಗ್ರಾಹಕರ ಕಣ್ಣಿಗೆ ಇಂಥ ತಿದ್ದುಪಡಿ ದೊಡ್ಡ ದೋಷ. ಗಂಜೀಫಾ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ, ಅರಗಿನ ಲೇಪ ಎರಡೂ ಹಾಳಾಗಬಹುದು.

ಮಾರುವ ಮುನ್ನ

ನೂರು ವರ್ಷ ದಾಟಿದ ಕಲಾವಸ್ತುವಿಗೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಅಂಥದ್ದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಎಲೆ ಆನೆದಂತದ್ದಾದರೆ ಮಾರಾಟವೇ ನಿಷಿದ್ಧ. 'ವಿದೇಶಿ ಶ್ರೀಮಂತರಿದ್ದಾರೆ, ಕೊಟ್ಟುಬಿಡಿ' ಎಂದು ಯಾರಾದರೂ ಬಂದರೆ ಎಚ್ಚರವಿರಲಿ.

ಹಾಗಾದರೆ ಏನು ಮಾಡಬೇಕು? ಎಲೆಗಳನ್ನು ಎಣಿಸಿ, ಎರಡೂ ಬದಿಯ ಫೋಟೋ ತೆಗೆಯಿರಿ. ಮೂಲ ಪೆಟ್ಟಿಗೆಯಲ್ಲೇ, ತೇವ ಮತ್ತು ಬಿಸಿಲು ತಾಗದ ಕಡೆ ಇಡಿ. ಮನೆಯ ಹಿರಿಯರಿಗೆ ಗೊತ್ತಿರುವುದನ್ನು ಬರೆದಿಡಿ. ಒಂದೆರಡು ಚಂದದ ಎಲೆಗಳನ್ನು ಬಿಡಿಯಾಗಿ ಕೊಡಬೇಡಿ. ಚೌಕಟ್ಟು ಹಾಕಿದ ಒಂದು ಎಲೆ ಗೋಡೆಗೆ ಅಂದವಾದೀತು. ಆದರೆ ಕಟ್ಟು ಒಡೆದರೆ ಆ ಆಟವೇ ಅಪೂರ್ಣವಾಗುತ್ತದೆ, ಮತ್ತೆ ಕೂಡಿಸುವುದು ಯಾವ ಹಣದಿಂದಲೂ ಆಗದು.